ಮಣ್ಣಿಗೆ ಹೆದರಿದ ಮಾಂತ್ರಿಕ

ಕತೆ ಹೇಳುವವರ ಅಜ್ಜಂದಿರೂ ಹುಟ್ಟದಿದ್ದ ಕಾಲದಲ್ಲಿ, ಮಾಳಿಂಗನೆಂಬ ಹುಡುಗ ಮೊದಲ ಸಲ ಊರು ಬಿಟ್ಟದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಅಮಾವಾಸ್ಯೆಯಂದು ಯಾರೂ ಪ್ರಯಾಣ ಹೊರಡುವುದಿಲ್ಲ. ಓಣಿಯ ಮಕ್ಕಳೆಲ್ಲ ಮಣ್ಣಿನ ಎತ್ತು ಮಾಡಿ ಕಣ್ಣಿಗೆ ಜೋಳದ ಕಾಳು ಮೆತ್ತುತ್ತಿದ್ದರು. ಮಾಳಿಂಗನೂ ಒಂದು ಎತ್ತು ಮಾಡಿ ಕಟ್ಟೆಯ ಮೇಲಿಟ್ಟ. ಅದರ ಮುಖ ದಾರಿಯ ಕಡೆಗಿತ್ತು. "ಮಣ್ಣಿನ ಎತ್ತಿಗೇ ಹೋಗಬೇಕು ಅನ್ನಿಸಿದೆ, ಇನ್ನು ನನ್ನದೇನು" ಎಂದುಕೊಂಡು ಅವನು ದಾರಿ ಹಿಡಿದ. ಐಗಳ ಮಠದಲ್ಲಿ ಕಾಗುಣಿತ ಅರ್ಧಕ್ಕೆ ನಿಂತಿತ್ತು, ಅದು ಹಾಗೇ ನಿಂತಿತು.

ಆಮೇಲೆ ಅವನು ಬಹಳ ನಾಡು ನೋಡಿದ. ಕೊಕ್ಕರೆಗಳು ಪಂಚಾಯಿತಿ ಮಾಡುವ ನಾಡು ನೋಡಿದ. ನೆರಳನ್ನು ಬಾಗಿಲ ಹೊರಗೆ ಬಿಚ್ಚಿಟ್ಟು ಒಳಗೆ ಹೋಗುವ ಜನರ ನಾಡು ನೋಡಿದ. ಎಲ್ಲಿಯೂ ಒಲೆ ಹೂಡಲಿಲ್ಲ. ಮೀಸೆ ಬಲಿತ ಮೇಲೆ ಒಂದು ದಿನ ಎರೆನಾಡಿಗೆ ಬಂದ.

ಎರೆನಾಡೆಂದರೆ ಕರಿಮಣ್ಣಿನ ನಾಡು. ಹೆಬ್ಬಾಗಿಲಲ್ಲಿ ಕಾವಲಿನವರು ಅವನನ್ನು ಕಲ್ಲಿನ ಮೇಲೆ ಕೂರಿಸಿದರು. ಸುಣ್ಣದ ನೀರಿನಲ್ಲಿ ಕಾಲು ತೊಳೆದರು. ಕಡ್ಡಿ ಹಾಕಿ ಉಗುರಿನ ಸಂದಿ ಕೆದಕಿದರು. ಅವನ ಬಟ್ಟೆಗಂಟನ್ನು ಕುದಿಯುವ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದರು.

"ಯಾಕ್ರಪಾ, ನನ್ನೇನು ಮದುವಿಗಿ ತಯಾರು ಮಾಡಾಕತ್ತೀರೇನು?" ಎಂದ ಮಾಳಿಂಗ.

"ಹೊರಗಿನ ಮಣ್ಣು ಒಂದು ಚೂರೂ ಒಳಗ ಬರಬಾರದು" ಎಂದ ಕಾವಲಿನವನು. "ಧವಳಕೇತು ಸ್ವಾಮಿಗಳ ಅಪ್ಪಣೆ."

ಒಳಗೆ ಹೋಗಿ ನೋಡಿದರೆ ಜನ ಹೊಲ ಗುಡಿಸುತ್ತಿದ್ದರು. ಅಂಗಳ ಗುಡಿಸಿದಂತೆ ಪೊರಕೆ ಹಿಡಿದು ಗುಡಿಸುತ್ತಿದ್ದರು. ಬಿದ್ದ ಎಲೆ, ಕೊಳೆತ ಕಡ್ಡಿ, ಸಗಣಿ, ಏನೂ ಉಳಿಯದಂತೆ ಬುಟ್ಟಿಗೆ ತುಂಬಿ ಸುಡುತ್ತಿದ್ದರು. ಗುಡಿಸಿದ ನೆಲದ ಮೇಲೆ ಬಿಳಿಯ ಬೂದಿ ಚೆಲ್ಲುತ್ತಿದ್ದರು. ನೆಲ ಥಳಥಳ ಹೊಳೆಯುತ್ತಿತ್ತು. ಅದರ ನಡುವೆ ತೊಗರಿ ಗಿಡಗಳು ಕತ್ತು ಬಾಗಿಸಿ ನಿಂತಲ್ಲೇ ಒಣಗಿದ್ದವು. ಮಾಳಿಂಗ ಒಂದು ಗಿಡ ಹಿಡಿದ. ಅದು ಎಳೆಯುವ ಮೊದಲೇ ಕಿತ್ತು ಬಂತು. ಬೇರು ಕರ್ರಗೆ ಕೊಳೆತಿತ್ತು.

ನಾಡಿನ ಅಂಚಿಗೆ ಒಂದು ಗುಡಿಸಲು. ಅದರಲ್ಲಿ ತಿಪ್ಪವ್ವನೆಂಬ ಮುದುಕಿ. ನಾಡಿನ ಬಿತ್ತನೆಯ ಬೀಜ ಕಾಯುವುದು ಅವಳ ಮನೆತನದ ಕೆಲಸ.

"ಅವ್ವಾ, ಹೊಟ್ಟಿ ಹಸದೈತಿ" ಎಂದ ಮಾಳಿಂಗ.

"ಯಾವೂರಪಾ ನಿನ್ನದು?"

"ನಿನ್ನೆ ಒಂದೂರು, ನಾಳೆ ಒಂದೂರು."

"ಇವತ್ತಿಂದು ಖಾಲಿ ಐತೇನು ಹಂಗಾದ್ರ? ಕುಂದ್ರು ಬಾ" ಎಂದಳು ತಿಪ್ಪವ್ವ.

ಬಿಸಿ ತೊಗರಿಕಾಳಿನ ಕಟ್ಟು ಬಡಿಸಿದಳು. ಅವನು ಉಂಡ, ಬಟ್ಟಲು ನೆಕ್ಕಿದ, ಇನ್ನೊಮ್ಮೆ ಕೇಳಿದ. ಅವಳು ಗಡಿಗೆ ಕೆರೆದು ಹಾಕಿದಳು. ಉಂಡ ಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಬುಟ್ಟಿಯ ಮೇಲೆ ಬಿತ್ತು. ಬುಟ್ಟಿಯ ಕಾಳಿನ ನಡುವೆ ಒಂದು ಹಿಡಿ ತೆಗೆದ ಗುಳಿ ಹಾಗೇ ಇತ್ತು.

"ಅವ್ವಾ, ಅದು?"

"ಬೀಜ. ನಾಡಿನಾಗ ಉಳದಿದ್ದು ಇದೊಂದು ಬುಟ್ಟಿ. ಮನಿಗೆ ಬಂದವರು ಹಸಕೊಂಡು ಹೋಗಬಾರದಲ್ಲ, ಅದಕ್ಕ ಒಂದು ಹಿಡಿ ಕುದಿಸಿದೆ."

ಮಾಳಿಂಗ ಎದ್ದು ನಿಂತ. "ಬಿತ್ತೋ ಬೀಜ ಉಣಿಸಿಬಿಟ್ಟೆಲ್ಲವ್ವಾ!"

"ಬಿತ್ತಿದ್ರೂ ಏಳೂದಿಲ್ಲ ಬಿಡು" ಎಂದಳು ತಿಪ್ಪವ್ವ. ಆಮೇಲೆ ಎಲ್ಲವನ್ನೂ ಹೇಳಿದಳು.

ಹಿಂದೆ ಎರೆನಾಡಿನಲ್ಲಿ ಬಿತ್ತುವ ಮುಂಚಿನ ದಿನ ಹೆಂಗಸರು ಬೀಜವನ್ನು ಮದುಮಗಳಂತೆ ಕೂರಿಸುತ್ತಿದ್ದರು. ಬೆಲ್ಲದ ನೀರು ಚಿಮುಕಿಸಿ, ಅರಿಶಿನ ಹಚ್ಚಿದಂತೆ ಬದುವಿನ ಮಣ್ಣು ಹಚ್ಚಿ, ಹಾಡು ಹೇಳುತ್ತಿದ್ದರು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಬೆಳೆ ಆಳೆತ್ತರ ನಿಲ್ಲುತ್ತಿತ್ತು. ಆಮೇಲೆ ಧವಳಕೇತು ಬಂದ. ಹಾಲಿನಂಥ ಮೈ, ಹಾಲಿನಂಥ ಬಟ್ಟೆ, ಕಾಲಿಗೆ ಬೆಳ್ಳಿಯ ಹಾವುಗೆ. ಅವನು ನಡೆಯುವ ದಾರಿಗೆ ಮುಂದೆ ಮುಂದೆ ಬಿಳಿ ಬಟ್ಟೆ ಹಾಸುತ್ತಿದ್ದರು. "ಬಿತ್ತುವ ಬೀಜಕ್ಕೆ ಕೆಸರು ಬಳಿಯುವಿರಾ? ಇದು ಮೈಲಿಗೆ. ಬೀಜವನ್ನು ಬಿಸಿನೀರಿನಲ್ಲಿ ತೊಳೆಯಿರಿ, ನೆಲವನ್ನು ಗುಡಿಸಿರಿ, ನನ್ನ ಬೂದಿಯನ್ನು ಚೆಲ್ಲಿರಿ" ಎಂದ. ಎರೆನಾಡಿನವರಿಗೆ ಮೊದಲೇ ಮಡಿಯ ಹುಚ್ಚು. ನೀರು ಸೇದುವ ಹಗ್ಗವನ್ನೂ ತೊಳೆಯುವ ಜನ. ಅವನ ಮಾತು ಅವರಿಗೆ ಬಹಳ ಹಿಡಿಸಿತು. ಮೊದಲ ವರ್ಷ ಕಾಳಿನ ಹಗೇವು ತುಂಬಿ ಚೆಲ್ಲುವಷ್ಟು ಬೆಳೆಯಿತು. ಎರಡನೆಯ ವರ್ಷ ನೆಲದ ಕೆಳಗೆ ಸೊರಗನೆಂಬ ಮೃಗ ಬಂತು. ಅದಕ್ಕೆ ಕಬ್ಬಿಣದ ಹಲ್ಲು. ಅದು ಬೇರು ಕಡಿಯಿತೆಂದರೆ ಗಿಡ ನಿಂತಲ್ಲೇ ಸೊರಗಿತು.

"ಈ ನಾಡಿಗೆ ರಾಜ ರಾಣಿ ಯಾರೂ ಇಲ್ಲೇನು?" ಎಂದು ಕೇಳಿದ ಮಾಳಿಂಗ.

"ರಾಣಿ ಜಕ್ಕಲೆ ಅದಾಳ. ಆಕಿ ಸಣ್ಣಾಕಿ, ಧವಳಕೇತುಗ ಅಪ್ಪ ಕೊಟ್ಟ ಮಾತು ಹೊತ್ತಾಳ. ಈ ಬುಟ್ಟಿ ಬೀಜಾನೂ ಸೊರಗಿದ್ರ ನಾಡು ಬಿಟ್ಟು ನಡೀಬೇಕು, ಎಲ್ಲಾರೂ. ನೆಲ ಧವಳಕೇತುಂದು. ಇಷ್ಟೂ ನೆಲಕ್ಕ ಬಿಳಿಗಲ್ಲು ಹಾಸತಾನಂತ." ತಿಪ್ಪವ್ವ ಬುಟ್ಟಿಯ ಗುಳಿಯನ್ನು ಕೈಯಿಂದ ಸಮ ಮಾಡಿದಳು. "ನಮ್ಮವ್ವ ಹೇಳ್ತಿದ್ದಳು, ಮಣ್ಣಿನಾಗ ಸಣ್ಣವರು ಅದಾರಂತ. ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ, ಆದ್ರ ಅವರಿಂದನ ಬೆಳಿ ಅಂತ. ಇಲ್ಲಿ ಅವರು ಯಾರೂ ಉಳದಿಲ್ಲ. ಗಡಿಯಾಚೆ ಯಾರೂ ನೇಗಿಲು ಹೂಡದ ಒಂದು ಬನ್ನಿಮರ ಐತಿ. ಅದರ ಬುಡದಾಗ ಇದ್ರೂ ಇರಬೇಕು. ನನ್ನ ಮೊಣಕಾಲು ನಡದಿದ್ರ ನಾನ ಹೋಗ್ತಿದ್ದೆ."

"ನನ್ನ ಕಾಲು ನಡೀತಾವಲ್ಲ" ಎಂದ ಮಾಳಿಂಗ. "ಕೂತ್ರನ ನೋವು ಅವಕ್ಕ."

ಅವನು ಬನ್ನಿಮರ ಹುಡುಕಿಕೊಂಡು ಹೋದ. ಅದರ ಬುಡದಲ್ಲಿ ಎಲೆಯ ಮೇಲೆ ಎಲೆ ಬಿದ್ದು ನೆಲ ಹಾಸಿಗೆಯಂತೆ ಮೆತ್ತಗಿತ್ತು. ನೆಲಕ್ಕೆ ಕಿವಿಯಿಟ್ಟು ಮಲಗಿದ. ಕೂದಲಿಗಿಂತ ಸಣ್ಣದೊಂದು ಬೇರು ಮೇಲೆ ಬಂದು ಅವನ ಕಿವಿಯನ್ನು ಮುಟ್ಟಿತು. ಅವನು ಸಾಸಿವೆಯಷ್ಟಾದ. ಆಮೇಲೆ ಸಾಸಿವೆಯ ಮೇಲೆ ಕೂತ ಧೂಳಿನಷ್ಟಾದ. ಮಣ್ಣು ಬಾಗಿಲಿನಂತೆ ತೆರೆಯಿತು.

ಒಳಗೆ ದೊಡ್ಡ ಪೇಟೆ. ಬೇರಿನ ಗೋಡೆಯಿಂದ ಪಾನಕ ಜಿನುಗುತ್ತಿತ್ತು, ಸಣ್ಣವರು ಪಂಕ್ತಿಯಲ್ಲಿ ಕೂತು ಕುಡಿಯುತ್ತಿದ್ದರು. ದುಂಡನೆಯವರು, ಉದ್ದನೆಯವರು, ಬಾಲ ಬೀಸುತ್ತ ಈಜುವವರು. ಪಂಕ್ತಿಯ ತುದಿಯಲ್ಲಿ ಬೇರಜ್ಜಿ ಕೂತಿದ್ದಳು. ಅವಳೇ ಎಲ್ಲರಿಗೂ ಹಿರಿಯಳು.

"ಯಾರೋ ನೀನು, ಇಷ್ಟು ಉಪ್ಪುಪ್ಪು ವಾಸನಿ ಹೊಡೀತಿ?" ಎಂದಳು.

"ಮನುಷ್ಯ, ಅಜ್ಜಿ. ಬೆವರಿನ ವಾಸನಿ. ಎರೆನಾಡಿಗೆ ನಿಮ್ಮವರನ್ನ ಕರಕೊಂಡು ಹೋಗಾಕ ಬಂದೀನಿ."

ಎರೆನಾಡು ಎಂಬ ಮಾತಿಗೆ ಪಂಕ್ತಿಯಲ್ಲಿ ಕುಡಿಯುವ ಸದ್ದು ನಿಂತಿತು.

"ಅಲ್ಲಿ ನಮ್ಮವರು ಲೆಕ್ಕಕ್ಕ ಸಿಗಲಾರದಷ್ಟು ಇದ್ದರು" ಎಂದಳು ಬೇರಜ್ಜಿ. "ಬೂದಿ ಬಿತ್ತು, ಎಲ್ಲಾರೂ ಸತ್ತರು. ಮೊದಲನೇ ವರ್ಷ ಭರಪೂರ ಬೆಳಿ ಅಂತ ಕುಣದಾಡಿದ್ರಲ್ಲ ನಿಮ್ಮ ಜನ? ಅದು ನಮ್ಮ ಹೆಣದ ಮ್ಯಾಲ ಬೆಳದಿದ್ದು."



"ಆ ಧವಳಕೇತು ಯಾರು ಗೊತ್ತೈತೇನು?" ಅಜ್ಜಿ ಮುಂದುವರಿಸಿದಳು. "ಅವ ಎಂದೋ ಸತ್ತಾನ. ಸತ್ತವರನ್ನ ಮಣ್ಣು ಮಾಡೋದು ನಮ್ಮ ಕೆಲಸ. ಅವನಿಗೆ ಕರಗೋದಕ್ಕ ಹೆದರಿಕಿ. ಅದಕ್ಕ ಅಂದಿನಿಂದ ನೆಲಕ್ಕ ಕಾಲು ಹಚ್ಚಿಲ್ಲ. ಲೋಕದಾಗ ನಾವು ಒಬ್ಬರೂ ಉಳೀಲಿಲ್ಲ ಅಂದ್ರ ಅವ ಎಂದಿಗೂ ಕರಗಂಗಿಲ್ಲ. ಎರೆನಾಡು ಅವನಿಗೆ ಮೊದಲನೇ ತುತ್ತು, ಅಷ್ಟ."

"ಹಂಗಾದ್ರ ಬರ್ರಿ ಅಜ್ಜಿ, ಹೋಗೂಣು."

"ನಾ ಹೇಳಿದ್ರ ಆಗೂದಲ್ಲ. ಮೂರು ಕೇರಿ ಅದಾವ. ಮೂರೂ ಕೇರಿಯವರು ಒಪ್ಪಬೇಕು. ನಡಿ, ಕೇಳು."

ಮೊದಲನೆಯದು ಗಾಳಿಯುಣ್ಣುವವರ ಕೇರಿ. ಬೇರಿಗೆ ಅಂಟಿಕೊಂಡ ಗುಂಡನೆಯ ಮನೆಗಳು, ಒಳಗೆಲ್ಲ ಗುಲಾಬಿ ಬಣ್ಣ. ಒಳಗೆ ಅವರು ಗಾಳಿಯನ್ನು ಹಿಟ್ಟಿನಂತೆ ನಾದಿ ನಾದಿ ಗಿಡಕ್ಕೆ ಅನ್ನ ಮಾಡುತ್ತಿದ್ದರು.

"ನಾವು ಬರ್ತೀವಿ" ಎಂದರು. "ಆದ್ರ ಹಿಟ್ಟು ಹದಕ್ಕ ಬರೂತನ ನಮ್ಮ ಜೋಡಿ ಕೂಡಬೇಕು. ಬಾಗಿಲು ತೆಗೆಯಂಗಿಲ್ಲ. ಹೊರಗಿನ ಗಾಳಿ ಬಡೀತಂದ್ರ ಹಿಟ್ಟು ಕೆಡತೈತಿ."

"ಕೂಡೋದೇನು ದೊಡ್ಡ ಮಾತು" ಎಂದು ಮಾಳಿಂಗ ಕೂತ. ಸ್ವಲ್ಪ ಹೊತ್ತಿಗೆ ಪಾದ ತುರಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಮೊಣಕಾಲು ಕುಣಿಯಿತು. ಬಾಗಿಲಾಚೆ ಏನಿದೆಯೋ, ಯಾರು ಹೋದರೋ ಎಂದು ಜೀವ ಎಳೆಯಿತು. ಒಂದು ಬೆರಳಷ್ಟು ತೆಗೆದು ಇಣುಕಿದ. ಅಷ್ಟಕ್ಕೇ ಹಿಟ್ಟು ಕಪ್ಪಾಯಿತು.

"ಇವನ ತಿಕದಾಗ ಇರುವೆ ಗೂಡು ಕಟ್ಯಾವ" ಎಂದು ಗಾಳಿಯುಣ್ಣುವವರು ನಕ್ಕರು. "ಮತ್ತ ಮೊದಲಿಂದ ನಾದಬೇಕು ಈಗ."

ಮಾಳಿಂಗ ತಲೆಯ ರುಮಾಲು ಬಿಚ್ಚಿದ. ತನ್ನ ಎರಡೂ ಕಾಲನ್ನು ತಾನೇ ಬಿಗಿದು ಕಟ್ಟಿಕೊಂಡ. ಅವ್ವ ನೆನಪಾದಳು, ಮಣ್ಣಿನ ಎತ್ತು ನೆನಪಾಯಿತು, ತಿಪ್ಪವ್ವನ ಬುಟ್ಟಿಯ ಗುಳಿ ನೆನಪಾಯಿತು. ಹುಟ್ಟಿದಂದಿನಿಂದ ಅವನು ಒಂದೇ ಕಡೆ ಅಷ್ಟು ಹೊತ್ತು ಕೂತವನಲ್ಲ. ಹಿಟ್ಟು ಹದಕ್ಕೆ ಬಂತು. ಗಾಳಿಯುಣ್ಣುವವರು ಎದ್ದು ಬಂದರು.

ಎರಡನೆಯದು ಕಲ್ಲು ಕರಗಿಸುವವರ ಕೇರಿ. ಅವರು ಕಲ್ಲಿಗೆ ಹುಳಿ ಉಗುಳಿ, ಕರಗಿಸಿ, ಅದರ ಸಾರವನ್ನು ಬೇರಿಗೆ ಕೊಡುವವರು. "ನಾವು ಉಣ್ಣೂದು ಉಂಡು ತೋರಿಸು, ಮಾರಿ ಕಿವಿಚಬಾರದು" ಎಂದು ಒಂದು ಬಟ್ಟಲು ಇಟ್ಟರು. ಹುಣಸೆ, ನಿಂಬೆ, ಹುಳಿ ಮಜ್ಜಿಗೆ ಮೂರನ್ನೂ ಸೇರಿಸಿದರೂ ಅದರ ಹತ್ತಿರ ಬರುವಂತಿರಲಿಲ್ಲ. ಮಾಳಿಂಗ ಒಂದೇ ಗುಟುಕಿಗೆ ಕುಡಿದು ಬಟ್ಟಲು ಮುಂದೆ ಹಿಡಿದ. "ಇನ್ನೊಂದೀಟು ಹಾಕ್ರಿ."

"ಅಯ್ಯ! ಹೆಂಗ ಕುಡದ್ಯೋ?"

"ಊರೂರು ತಿರುಗಿ ಕೇಳಿ ಉಣ್ಣೋನಿಗೆ ಯಾವ ಮನಿಯಾಗ ತಾಜಾ ಮಜ್ಜಿಗಿ ಕೊಡತಾರ?" ಎಂದ ಮಾಳಿಂಗ. ಅವರು ಹೊಟ್ಟೆ ಹಿಡಿದು ನಗುತ್ತಲೇ ಅವನ ಹಿಂದೆ ಹೊರಟರು.

ಮೂರನೆಯದು ಕಾವಲಿನವರ ಕೇರಿ. ಅವರ ಮೈ ಮಿಂಚುಹುಳದಂತೆ ಹಳದಿ ಹಸಿರಾಗಿ ಹೊಳೆಯುತ್ತಿತ್ತು. ಬೆನ್ನಿಗೆ ಗಟ್ಟಿ ಚಿಪ್ಪು.

"ಸೊರಗನ ಹಲ್ಲು ಕಬ್ಬಿಣದ್ದು" ಎಂದ ಅವರ ನಾಯಕ. "ಆ ಹಲ್ಲು ದಿನಾ ಸವೀತಾವ, ದಿನಾ ಹುಟ್ಟತಾವ. ಮಣ್ಣಿನಾಗಿನ ಕಬ್ಬಿಣ ತಿಂದು ಹುಟ್ಟತಾವ. ನಾವು ಆ ಕಬ್ಬಿಣ ಹೆಕ್ಕಿ ಬಚ್ಚಿಡತೀವಿ. ನಮ್ಮ ಯುದ್ಧ ಅಂದ್ರ ಅಷ್ಟ, ಕತ್ತಿ ಇಲ್ಲ, ರಕ್ತ ಇಲ್ಲ. ನಿನ್ನ ಕೈಯಾಗಿನ ಕಬ್ಬಿಣ ಕೊಡು. ಕಬ್ಬಿಣದ ಆಸೆ ಬಿಡಲಾರದವನ ಹಿಂದ ನಾವು ಬರೂದಿಲ್ಲ."

ಮಾಳಿಂಗನ ಕೈಯಲ್ಲಿ ಒಂದು ಕಬ್ಬಿಣದ ಕಡಗವಿತ್ತು. ಅವನು ತೊಟ್ಟಿಲಲ್ಲಿದ್ದಾಗ ದೃಷ್ಟಿ ತಾಗದಿರಲೆಂದು ಅವ್ವ ಹಾಕಿದ್ದು. ಬೆಳೆದಂತೆಲ್ಲ ಕಮ್ಮಾರನ ಹತ್ತಿರ ಅದನ್ನು ಹಿಗ್ಗಿಸುತ್ತ ಬಂದಿದ್ದ. ಬಿಟ್ಟು ಬಂದ ಮನೆಯಿಂದ ಅವನ ಬಳಿ ಇದ್ದದ್ದು ಅದೊಂದೇ. ಅವನು ಬಹಳ ಹೊತ್ತು ಅದನ್ನು ತಿರುಗಿಸುತ್ತ ನಿಂತ. ಕಾವಲಿನವರು ಅವಸರ ಮಾಡಲಿಲ್ಲ. ಕೊನೆಗೆ ಕಳಚಿ ಕೊಟ್ಟ. ಮಣಿಕಟ್ಟಿನಲ್ಲಿ ಬಿಳಿಯ ಗೆರೆ ಉಳಿಯಿತು.

ಬೇರಜ್ಜಿ ಎಲ್ಲರನ್ನೂ ಒಂದು ಬೊಗಸೆ ಮಣ್ಣಿನಲ್ಲಿ ಕೂರಿಸಿದಳು. ಮಾಳಿಂಗ ಮತ್ತೆ ಮನುಷ್ಯನಷ್ಟಾದ. ಮಣ್ಣನ್ನು ರುಮಾಲಿನಲ್ಲಿ ಕಟ್ಟಿಕೊಂಡು ಎರೆನಾಡಿನ ಹೆಬ್ಬಾಗಿಲಿಗೆ ಬಂದ.

ಅಂದು ಹೆಬ್ಬಾಗಿಲಲ್ಲಿ ಧವಳಕೇತುವೇ ನಿಂತಿದ್ದ.

"ಏನಿದು?" ಎಂದ.

"ಮಣ್ಣು ಸ್ವಾಮಿ. ತಿಪ್ಪವ್ವನ ಒಲಿ ಬಿರುಕು ಬಿಟ್ಟೈತಿ, ಮೆತ್ತಾಕ ತಂದೀನಿ."

ಧವಳಕೇತು ಮೂರು ಹೆಜ್ಜೆ ಹಿಂದೆ ಸರಿದ. "ಕೊಪ್ಪರಿಗೆಗೆ ಹಾಕಿರಿ! ಅದರೊಳಗಿನ ಪ್ರತಿಯೊಂದು ಜೀವವೂ ಬೇಯಲಿ."

ರುಮಾಲಿನ ಸಮೇತ ಮಣ್ಣನ್ನು ಕುದಿನೀರಿಗೆ ಹಾಕಿದರು. ಮಾಳಿಂಗ ಕೊಪ್ಪರಿಗೆಯ ಪಕ್ಕದಲ್ಲೇ ನಿಂತ. ಆದರೆ ಮಣ್ಣಿನೊಳಗೆ ಕಾವಲಿನವರು ತಮ್ಮ ಚಿಪ್ಪುಗಳನ್ನು ತೆರೆದರು. ಒಬ್ಬೊಬ್ಬರೂ ಒಬ್ಬ ಗಾಳಿಯುಣ್ಣುವವನನ್ನೂ ಒಬ್ಬ ಕಲ್ಲು ಕರಗಿಸುವವನನ್ನೂ ಒಳಗೆಳೆದುಕೊಂಡು ಚಿಪ್ಪು ಮುಚ್ಚಿದರು. ಎಲ್ಲರೂ ಬೀಜದಂತೆ ನಿದ್ದೆ ಹೋದರು. ಆ ನಿದ್ದೆಯನ್ನು ಕುದಿನೀರು ಎಬ್ಬಿಸಲಾರದು, ಬೆಂಕಿಯಂಥ ಬಿಸಿಲು ಎಬ್ಬಿಸಲಾರದು.

ನೀರು ಕುದಿದು ಕುದಿದು ಅರ್ಧವಾಯಿತು.

"ಸ್ವಾಮಿ, ಇನ್ನರ ಕೊಡ್ರಿ" ಎಂದ ಮಾಳಿಂಗ. "ಬೆಂದ ಮಣ್ಣಾದ್ರೇನು, ಒಲಿಗೆ ನಡೀತೈತಿ."

"ಒಯ್ಯು" ಎಂದು ಧವಳಕೇತು ನಕ್ಕ. "ಅದೀಗ ನನ್ನಷ್ಟೇ ಶುದ್ಧ."

ಮೃಗಶಿರಾ ಮಳೆ ಹನಿಯಿತು. ಬಿತ್ತುವ ಮುಂಚಿನ ದಿನ ತಿಪ್ಪವ್ವ ಬುಟ್ಟಿಯ ಬೀಜವನ್ನು ಅರಮನೆಯ ಅಂಗಳದಲ್ಲಿ ಹರಡಿದಳು, ಬೆಲ್ಲದ ನೀರು ಚಿಮುಕಿಸಿದಳು. ಮಣ್ಣಿನ ಗಂಟು ಬಿಚ್ಚಿದಾಗ ಸುತ್ತ ನಿಂತವರು ಮೂಗು ಮುಚ್ಚಿಕೊಂಡರು.

"ಇದ್ದದ್ದೊಂದು ಬುಟ್ಟಿ ಬೀಜ, ಅದಕ್ಕೂ ಹೊಲಸು ಹಚ್ಚತಿಯಾ ಮುದುಕಿ?"

"ಊರೂರು ತಿರುಗೋ ತಿರುಬೋಕಿ ಮಾತು ಕೇಳಿ ನಾಡು ಮುಳುಗಸತಾಳ!"

ಒಬ್ಬ ಹೆಂಗಸೂ ಮುಂದೆ ಬಂದು ಕೈ ಹಾಕಲಿಲ್ಲ. ರಾಣಿ ಜಕ್ಕಲೆ ಮೆಟ್ಟಿಲಿಳಿದು ಬಂದಳು. ಅವಳು ಮಣ್ಣನ್ನು ಮುಟ್ಟದೆಯೇ ಬೆಳೆದವಳು.

"ತಿಪ್ಪವ್ವ, ಇದರಿಂದ ಏಳುತ್ತದೆ ಅಂತ ನಿನಗೆ ಖಾತ್ರಿ ಇದೆಯಾ?"

"ಇಲ್ಲವ್ವಾ ತಾಯಿ. ತೊಳದ ಬೀಜ ಏಳಂಗಿಲ್ಲ ಅಂತ ಮಾತ್ರ ಖಾತ್ರಿ ಐತಿ."

ಜಕ್ಕಲೆ ಬಳೆ ಹಿಂದೆ ಸರಿಸಿದಳು. ಎರಡೂ ಕೈಯನ್ನು ಮಣ್ಣಿಗೆ ಹಾಕಿ, ಬೀಜಕ್ಕೆ ಹಚ್ಚಿ ಉಜ್ಜಿದಳು. "ಹಾಡು ಯಾರಿಗೆ ಬರುತ್ತದೆ?" ಎಂದಳು.  ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಒಡಕು ದನಿಯಲ್ಲಿ ಶುರು ಮಾಡಿದಳು. ಇನ್ನೊಬ್ಬಳು ಸೇರಿದಳು. ಒಬ್ಬೊಬ್ಬರಾಗಿ ಕೈಗಳು ಬಂದವು.

ಬೆಲ್ಲದ ನೀರು ತಾಗಿದ್ದೇ ಸಣ್ಣವರು ಚಿಪ್ಪು ತೆರೆದು ಎದ್ದು ಕೂತರು.

ಬೀಜ ನೆಲ ಸೇರಿತು, ಮೊಳೆಯಿತು, ಬೇರು ಬಿಟ್ಟಿತು. ಬೇರಿನಿಂದ ಪಾನಕ ಜಿನುಗಿತು. ಗಾಳಿಯುಣ್ಣುವವರು ಗುಲಾಬಿ ಮನೆ ಕಟ್ಟಿದರು. ಕಲ್ಲು ಕರಗಿಸುವವರು ಉಗುಳತೊಡಗಿದರು. ಕಾವಲಿನವರು ಬೇರಿನ ಸುತ್ತ ಸಾಲು ನಿಂತು, ಇದ್ದ ಕಬ್ಬಿಣವನ್ನೆಲ್ಲ ಹೆಕ್ಕಿ ಚಿಪ್ಪಿನ ಕೆಳಗೆ ಅಡಗಿಸಿದರು. ಸೊರಗ ಬಂತು. ಬೇರಿಗೆ ಬಾಯಿ ಹಾಕಿತು, ಹಲ್ಲು ಸವೆಯಿತು. ಹೊಸ ಹಲ್ಲಿಗೆ ಕಬ್ಬಿಣ ಹುಡುಕಿತು, ಸಿಗಲಿಲ್ಲ. ಬರೀ ಒಸಡಿನಿಂದ ಬೇರು ಚೀಪಿತು. ಕೋಣದಷ್ಟಿದ್ದದ್ದು ಕುರಿಯಷ್ಟಾಯಿತು, ಕುರಿಯಷ್ಟಿದ್ದದ್ದು ಇಲಿಯಷ್ಟಾಯಿತು. ಕೊನೆಗೆ ಒಂದು ಬಿಳಿಯ ಹುಳವಾಗಿ ಮೇಲೆ ಬಂತು. ತಿಪ್ಪವ್ವನ ಕೋಳಿ ಅದನ್ನು ಹೆಕ್ಕಿ ತಿಂದು, ಕೊಕ್ಕು ಒರೆಸಿಕೊಂಡು ಮುಂದೆ ಹೋಯಿತು.

ಮೊಣಕಾಲೆತ್ತರ ತೊಗರಿ ಎದ್ದಿತೆಂಬ ಸುದ್ದಿ ಧವಳಕೇತುವಿಗೆ ಮುಟ್ಟಿತು. ಅವನು ತಾನೇ ಅದನ್ನು ಕೀಳಲು ಹೊರಟ. ಆಳುಗಳು ಮುಂದೆ ಬಿಳಿ ಬಟ್ಟೆ ಹಾಸುತ್ತ ಓಡಿದರು. ಅಂದು ಬೆಳಗಿನವರೆಗೂ ಮಳೆ ಹೊಡೆದಿತ್ತು. ಎರೆಮಣ್ಣು ಮಳೆ ಕುಡಿಯಿತೆಂದರೆ ಹಿಡಿದ ಕಾಲನ್ನು ಬಿಡುವುದಿಲ್ಲ. ಆ ನಾಡಿನ ಅಂಬೆಗಾಲಿಡುವ ಕೂಸಿಗೂ ಇದು ಗೊತ್ತು. ಎಷ್ಟೋ ಕಾಲದಿಂದ ಮಣ್ಣು ಮೆಟ್ಟದ ಧವಳಕೇತುವಿಗೆ ಮಾತ್ರ ಗೊತ್ತಿರಲಿಲ್ಲ. ಹೊಲದ ನಡುವೆ ಬಂದಾಗ ಬಟ್ಟೆ ಕೆಸರು ಕುಡಿದು ಮುಳುಗಿತು. ಬೆಳ್ಳಿಯ ಹಾವುಗೆ ಹೂತುಕೊಂಡಿತು. ಅವನು ಎಳೆದ, ಬರಲಿಲ್ಲ.

"ಸ್ವಾಮಿ, ಹಾವುಗಿ ಬಿಟ್ಟು ಬರ್ರಿ!" ಎಂದು ಬದುವಿನ ಮೇಲಿಂದ ಮಾಳಿಂಗ ಕೂಗಿದ. "ಇಲ್ಲಿ ಎಲ್ಲಾರೂ ಹಂಗ ಬರ್ತಾರ."

ಧವಳಕೇತು ಸಿಟ್ಟಿನಿಂದ ಜಗ್ಗಿದ. ಹಾವುಗೆ ಅಲ್ಲೇ ಉಳಿಯಿತು, ಬರಿಗಾಲು ಹೊರಗೆ ಬಂತು, ಆಯ ತಪ್ಪಿ ನೆಲದ ಮೇಲೆ ಊರಿತು.

ಮಣ್ಣಿನೊಳಗಿನ ಸಣ್ಣವರು ಅವನ ಪಾದವನ್ನು ಮುಟ್ಟಿದರು. "ಬಂದೇನಪಾ? ಭಾಳ ತಡಾ ಮಾಡಿದಿ" ಎಂದರು.

ಅವನು ಕಿರುಚಲು ಬಾಯಿ ತೆರೆದ. ಆದರೆ ನೋವೇನೂ ಆಗಲಿಲ್ಲ. ಕಾಲಿನಡಿ ಮಣ್ಣು ತಂಪಾಗಿತ್ತು. ಅವನ ಹುಬ್ಬಿನ ಗಂಟು ಬಿಚ್ಚಿತು. "ಇಷ್ಟೇನಾ?" ಎಂದ. ಆಮೇಲೆ, "ನಿದ್ದೆ ಬರುತ್ತಿದೆ" ಎಂದು ಅಲ್ಲೇ ಸಾಲಿನ ನಡುವೆ ಮಲಗಿದ. ಮಧ್ಯಾಹ್ನದ ಹೊತ್ತಿಗೆ ಆ ಜಾಗದಲ್ಲಿ ಒಂದು ಬುಟ್ಟಿಯಷ್ಟು ಕರಿಯ, ಘಮ್ಮೆನ್ನುವ ಗೊಬ್ಬರವಿತ್ತು.

ತಿಪ್ಪವ್ವ ಹಿಡಿಯಲ್ಲಿ ತೆಗೆದು ಮೂಸಿ ನೋಡಿದಳು. "ಭಾಳ ದಿವಸದ್ದು. ಹದ ಚಲೋ ಐತಿ" ಎಂದು ಗಿಡಗಳ ಬುಡಕ್ಕೆ ಹಾಕಿದಳು.

ಆ ವರ್ಷ ತೊಗರಿ ಆಳೆತ್ತರ ನಿಂತಿತು. ಒಂದು ಬುಟ್ಟಿಯಿಂದ ಬಂದದ್ದನ್ನು ಮತ್ತೆ ಬಿತ್ತಿ, ಅದರಿಂದ ಬಂದದ್ದನ್ನು ಮತ್ತೆ ಬಿತ್ತಿ, ನಾಡು ತುಂಬಿತು. ಪೊರಕೆಗಳು ಅಂಗಳಕ್ಕೆ ಮರಳಿದವು. ಸಗಣಿ ಹೊಲಕ್ಕೆ ಮರಳಿತು. ಜನ ಬಾಗಿಲಲ್ಲಿ ಕಾಲು ತೊಳೆದರು, ಹೊಲದಲ್ಲಿ ಕಾಲು ಕೆಸರು ಮಾಡಿಕೊಂಡರು, ಎರಡಕ್ಕೂ ಬೇಸರಿಸದೆ ಮಕ್ಕಳು ಮೊಮ್ಮಕ್ಕಳೊಡನೆ ತಣ್ಣಗೆ ಬಾಳಿದರು.

ರಾಣಿ ಜಕ್ಕಲೆ ಮಾಳಿಂಗನಿಗೆ ಹೊಲದ ಅಂಚಿಗೆ ಒಂದು ಮನೆ ಕಟ್ಟಿಸಿಕೊಟ್ಟಳು. ಅವನು ಮೊದಲ ಸುಗ್ಗಿಯವರೆಗೆ ಅದರಲ್ಲಿದ್ದ. ರಾಶಿ ಮುಗಿದ ಮರುದಿನ ಬೆಳಿಗ್ಗೆ ತಿಪ್ಪವ್ವ ಬುತ್ತಿ ಹಿಡಿದುಕೊಂಡು ಬಂದಾಗ ಅವನು ಅಂಗಳದಲ್ಲಿ ಕಂಬಳಿ ಮಡಚುತ್ತಿದ್ದ.

"ಮನ್ಯಾಗ ಏನು ಕಡಿಮಿ ಆತೋ?" ಎಂದಳು.

"ಕಡಿಮಿ ಏನಿಲ್ಲವ್ವಾ. ದಿನಾ ಎದ್ದು ನೋಡತೀನಿ, ಗ್ವಾಡಿ ನಾಕೂ ಅಲ್ಲೇ ಇರತಾವ."

"ಗ್ವಾಡಿ ಮತ್ತ ಎಲ್ಲಿಗೆ ಹೋಗಬೇಕಾಗಿತ್ತೋ ಹುಚ್ಚಾ?"

"ಅದನ್ನ ಹೇಳಾಕತ್ತೀನಿ. ಅವು ಹೋಗಂಗಿಲ್ಲ, ನಾ ಹೋಗ್ತೀನಿ."

ತಿಪ್ಪವ್ವ ಕಣ್ಣೊರೆಸಿಕೊಳ್ಳಲಿಲ್ಲ. ಬುತ್ತಿಯನ್ನು ಕಂಬಳಿಯ ನಡುವೆ ತುರುಕಿದಳು. "ರೊಟ್ಟಿ ನಡುವ ಹಿಂಡಿಪಲ್ಯ ಐತಿ. ಹೊತ್ತು ಏರೂದ್ರೊಳಗ ಉಣ್ಣು, ಹಳಸತೈತಿ. ನಿನ್ನ ಸುದ್ದಿ ಗೊತ್ತೈತಿ ನನಗ, ಉಣ್ಣಾಕೂ ಕೂಡೂದಿಲ್ಲ."

"ನಡಕೋತ ಉಣ್ಣತೀನವ್ವಾ" ಎಂದ ಮಾಳಿಂಗ. ಕಂಬಳಿಯ ಮೇಲೆ ಮೊಣಕಾಲೂರಿ, ಹಗ್ಗ ಸುತ್ತಿ, ಗಂಟು ಬಿಗಿದ.